ಕೂತವಳ ಹೆಸರು

ಬಿ.ಎ. ಎರಡನೇ ವರ್ಷದವರಿಗೆ ಹತ್ತೊಂಬತ್ತನೇ ಶತಮಾನದ ಸಮಾಜ ಸುಧಾರಣೆಯ ಪಾಠ ಮಾಡುತ್ತಿದ್ದೆ. ಮಾತು ಎಲ್ಲೆಲ್ಲೋ ಸುತ್ತಿ ರಾಜಾ ರವಿವರ್ಮನ ಹತ್ತಿರ ಬಂತು. ಹಿಂದಿನ ಬೆಂಚಿನ ಹುಡುಗರು ಆಗಲೇ ಮೊಬೈಲಿನಲ್ಲಿ 'ರಂಗ್ ರಸಿಯಾ' ಸಿನಿಮಾ ನೋಡಿ ಮುಗಿಸಿದ್ದರು. ಯಾಕೆ ನೋಡಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಲೆ, ಸ್ವಾತಂತ್ರ್ಯ, ಅಶ್ಲೀಲತೆ ಅಂತ ನಾನು ದೊಡ್ಡ ದೊಡ್ಡ ಶಬ್ದಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ, ಟಿ. ನರಸೀಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ನಮ್ಮನೇಲಿರೋ ಲಕ್ಷ್ಮಿ ಪಟಕ್ಕೆ ಕೂತಿದ್ದೋಳು ಯಾರು? ಅವ್ಳಿಗೆ ಕೂಲಿ ಎಷ್ಟು ಕೊಟ್ರು?"

ತರಗತಿ ನಕ್ಕಿತು. ನಾನೂ ನಕ್ಕು, ಅದು ಸಿಲಬಸ್ಸಿನಲ್ಲಿಲ್ಲ ಕಣಮ್ಮ ಅಂದುಬಿಟ್ಟೆ.

ಸ್ಟಾಫ್ ರೂಮಿಗೆ ಬಂದು ಕೂತಮೇಲೆ ನಾಚಿಕೆಯಾಯಿತು. ಆ ಪ್ರಶ್ನೆಯ ಅರ್ಧ ಉತ್ತರ ನಮ್ಮ ಮನೆಯಲ್ಲೇ ಇತ್ತು. ನಮ್ಮ ದೊಡ್ಡವ್ವ, ಅವ್ವನ ಅಕ್ಕ, ನಾನು ಹುಟ್ಟುವ ಕಾಲಕ್ಕೆ ಈ ಊರಿನ ಒಂದು ಚಿತ್ರಕಲಾ ಶಾಲೆಯಲ್ಲಿ ಹುಡುಗರಿಗೆ ಚಿತ್ರ ಬರೆಯಲು ಕೂರುತ್ತಿದ್ದಳು. ಕೇರಿಯಲ್ಲಿ ಕಸ ಗುಡಿಸೋಕೆ ಹೋಗ್ತೀನಿ ಅಂತ ಹೇಳಿದ್ದಳು. ಗುಡಿಸುವುದಕ್ಕಿಂತ ಸುಮ್ಮನೆ ಕೂರುವುದು ಹೆಚ್ಚು ಮಾನಗೇಡು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ತಿಳಿದುಕೊಂಡಿದ್ದಳು. ಎಂ.ಎ. ಮಾಡಿ, ಪ್ರಾತಿನಿಧ್ಯದ ರಾಜಕಾರಣದ ಬಗ್ಗೆ ಸೆಮಿನಾರುಗಳಲ್ಲಿ ಪ್ರಬಂಧ ಓದಿದ ನಾನು ಅವಳನ್ನು ಒಂದು ದಿನವೂ ಕೂರಿಸಿಕೊಂಡು ಕೇಳಿರಲಿಲ್ಲ. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು.

ಮೊದಲು ಸಿನಿಮಾ. ಕೇತನ್ ಮೆಹ್ತಾ ಇದನ್ನು ರಣಜಿತ್ ದೇಸಾಯಿಯವರ ಮರಾಠಿ ಕಾದಂಬರಿಯ ಆಧಾರದ ಮೇಲೆ ಮಾಡಿದರು. 2008ಕ್ಕೇ ಸಿದ್ಧವಾಗಿದ್ದ ಚಿತ್ರ ನಮ್ಮ ದೇಶದ ಥಿಯೇಟರುಗಳಿಗೆ ಬಂದದ್ದು 2014ರ ನವೆಂಬರಿನಲ್ಲಿ. ರಣದೀಪ್ ಹೂಡಾ ರವಿವರ್ಮ, ನಂದನಾ ಸೇನ್ ಸುಗಂಧಾ. ಸುಗಂಧಾ ಸಭ್ಯರ ಲೋಕ ಹೊರಗಿಟ್ಟ ಹೆಣ್ಣು. ಅವಳನ್ನು ಕಲಾವಿದ ದೇವತೆಯಾಗಿ, ಅಪ್ಸರೆಯಾಗಿ ಬರೆಯುತ್ತಾನೆ. ಧರ್ಮರಕ್ಷಕರು ಕೇಸು ಹಾಕುತ್ತಾರೆ. ಕೋರ್ಟಿನಲ್ಲಿ ಕಲಾವಿದ ಕಲೆಯ ಪರವಾಗಿ ಮಾತಾಡುತ್ತಾನೆ, ನಮಗೆ ಮೈ ಜುಂ ಅನ್ನುತ್ತದೆ. ಹೆಣ್ಣು ಮಾತ್ರ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. 2011ರಲ್ಲಿ ತೆರೆಗೆ ಬಂದ ಲೆನಿನ್ ರಾಜೇಂದ್ರನ್ ಅವರ ಮಲಯಾಳಂ ಚಿತ್ರ 'ಮಕರಮಂಜು' ಕೂಡ ಇದೇ ಕಲಾವಿದನ ಕತೆ, ಅದರಲ್ಲೂ ಊರ್ವಶಿ ಪುರೂರವರ ಪ್ರಸಂಗವೇ ನಡುಮನೆ. ಎರಡಕ್ಕೂ ಊರ್ವಶಿಯೇ ಯಾಕೆ ಬೇಕಾಯಿತು? ಅಪ್ಸರೆ ಬರುತ್ತಾಳೆ, ಇರುತ್ತಾಳೆ, ಹೊರಟುಹೋಗುತ್ತಾಳೆ. ಅವಳಿಗೆ ಸಂಬಳ, ವಯಸ್ಸು, ಬೆನ್ನುನೋವು ಯಾವುದೂ ಇಲ್ಲ. ಇಂಗ್ಲಿಷು ಬಲ್ಲವರು ಇಂಥವಳನ್ನು ಮ್ಯೂಸ್ ಅನ್ನುತ್ತಾರೆ, ನಮ್ಮ ಪತ್ರಿಕೆಗಳು ಸ್ಫೂರ್ತಿದೇವತೆ ಅಂತ ಬರೆಯುತ್ತವೆ. ನಮ್ಮ ದೊಡ್ಡವ್ವ 'ಕೂರೋ ಕೆಲ್ಸ' ಅನ್ನುತ್ತಾಳೆ. ಮೂರರಲ್ಲಿ ಕೆಲಸ ಅನ್ನುವ ಮಾತಿರುವುದು ಒಂದರಲ್ಲೇ.

ಇದಿಷ್ಟೇ ಆಗಿದ್ದರೆ ಹೆಣ್ಣುಮಕ್ಕಳ ಪ್ರಶ್ನೆ ಎಂದು ಬಿಡಬಹುದಿತ್ತೇನೋ. ಆದರೆ ಸಿನಿಮಾ ನಮ್ಮನ್ನೂ ಸಾಕ್ಷಿ ಕಟ್ಟೆಗೆ ಎಳೆಯುತ್ತದೆ. ಗುಡಿಯೊಳಗೆ ಬಿಟ್ಟುಕೊಳ್ಳದ ಅಸ್ಪೃಶ್ಯರ ಮನೆಗೆ ರವಿವರ್ಮ ತನ್ನ ಅಚ್ಚಿನ ಪಟಗಳ ಮೂಲಕ ದೇವರನ್ನು ತಲುಪಿಸಿದ ಅನ್ನುವುದು ಅದರ ವಾದ. ಸಿನಿಮಾಕ್ಕಿಂತ ಹಳೆಯ ವಾದ ಇದು, ಪ್ರಗತಿಪರರೂ ಮೆಚ್ಚಿಕೊಂಡು ಹೇಳುವ ವಾದ. ಸ್ವಲ್ಪ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ರವಿವರ್ಮ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಹುಟ್ಟಿದ್ದು 1848ರಲ್ಲಿ. ಅವನಿಗೆ ಹನ್ನೊಂದು ವರ್ಷವಾಗಿದ್ದಾಗ, 1859ರ ಜುಲೈನಲ್ಲಿ, ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳಬಹುದು ಎಂದು ಆ ರಾಜ್ಯ ಅಪ್ಪಣೆ ಹೊರಡಿಸಿತು. ಅದೂ ಮೇಲ್ಜಾತಿಯವರಂತೆ ಉಡಕೂಡದು ಎಂಬ ಷರತ್ತಿನೊಂದಿಗೆ. ಆ ಒಂದು ತುಂಡು ಬಟ್ಟೆಗಾಗಿ ಅವರು ದಶಕಗಳ ಕಾಲ ಬೀದಿಯಲ್ಲಿ ಏಟು ತಿಂದಿದ್ದರು. ಮುಂದೆ ಈ ಕಲಾವಿದ ಇಡೀ ದೇಶದ ಹೆಣ್ಣು ಸೀರೆ ಉಡುವ ಚಂದವನ್ನು ಎಣ್ಣೆಬಣ್ಣದಲ್ಲಿ ಬರೆದ. ನೆರಿಗೆ, ಸೆರಗು, ಜರಿ, ಒಂದೂ ತಪ್ಪಿಲ್ಲ. ಆ ಕೈಗೆ ನಾನೂ ಬೆರಗಾಗಿದ್ದೇನೆ. ಆದರೆ ಬಟ್ಟೆ ಅನ್ನುವುದು ಅವನ ನೆಲದಲ್ಲಿ ಬರೀ ಚಂದದ ಪ್ರಶ್ನೆಯಾಗಿರಲಿಲ್ಲ. ಯಾರ ಎದೆಯ ಮೇಲೆ ಬಟ್ಟೆ ಇರಬೇಕು, ಯಾರದರ ಮೇಲೆ ಇರಬಾರದು ಅನ್ನುವುದೇ ಅಲ್ಲಿ ಕಾನೂನಾಗಿತ್ತು. ಬೊಂಬಾಯಿಯ ಕೋರ್ಟಿನಲ್ಲಿ ಬತ್ತಲೆಯ ಬಗ್ಗೆ ಅಷ್ಟು ಭಾಷಣ ಮಾಡಿಸುವ ಸಿನಿಮಾ ಈ ಬತ್ತಲೆಯನ್ನು ವಾದದೊಳಗೆ ತರುವುದಿಲ್ಲ.

ಇನ್ನೊಂದು ಇಸವಿ 1893. ಆ ವರ್ಷ ಅಮೆರಿಕದ ಷಿಕಾಗೋ ವಸ್ತುಪ್ರದರ್ಶನಕ್ಕೆ ರವಿವರ್ಮನ ಹತ್ತು ಚಿತ್ರಗಳು ಹೋದವು, ಪದಕಗಳೂ ಬಂದವು. ಅದೇ ವರ್ಷ ಅದೇ ತಿರುವಾಂಕೂರಿನಲ್ಲಿ ಪುಲಯರ ಅಯ್ಯನ್‌ಕಾಳಿ ಎಂಬ ಮೂವತ್ತರ ಯುವಕ ಎತ್ತಿನಗಾಡಿ ಕಟ್ಟಿಕೊಂಡು, ತನ್ನ ಜಾತಿಯವರು ಕಾಲಿಡಬಾರದ ಸಾರ್ವಜನಿಕ ರಸ್ತೆಯಲ್ಲಿ ಸವಾರಿ ಹೊರಟ. ಚಿತ್ರ ಸಮುದ್ರ ದಾಟಿತು, ಗಾಡಿ ರಸ್ತೆಗಿಳಿಯಲು ಹೊಡೆದಾಟ ಆಗಬೇಕಾಯಿತು. ಮರುವರ್ಷ, 1894ರಲ್ಲಿ, ಬೊಂಬಾಯಿಯಲ್ಲಿ ರವಿವರ್ಮನ ಅಚ್ಚುಕೂಟ ಶುರುವಾಯಿತು. ಬಣ್ಣಕ್ಕೊಂದು ಕಲ್ಲು, ಕಲ್ಲಿಗೊಂದು ಒತ್ತು. ಲಕ್ಷ್ಮಿ, ಸರಸ್ವತಿ, ರಾಮ, ಕೃಷ್ಣ ಎಲ್ಲರೂ ಕಾಗದದ ಮೇಲೆ ಊರೂರು ತಿರುಗಿದರು. ತಿರುವಾಂಕೂರಿನ ಗುಡಿಗಳ ಬಾಗಿಲು ಕೆಳಜಾತಿಯವರಿಗೆ ತೆರೆದದ್ದು 1936ರ ನವೆಂಬರ್ 12ರ ಘೋಷಣೆಯಿಂದ. ಪಟ ಬಂದು 42 ವರ್ಷ ಆಗಿತ್ತು. ಬಾಗಿಲು ತೆಗೆಸಿದ್ದು ಪಟವಲ್ಲ. ವೈಕಂ ಸತ್ಯಾಗ್ರಹದಂಥ ಹೋರಾಟಗಳು, ಮತಾಂತರದ ಭಯ, ಬೀದಿಯಲ್ಲಿ ಬಿದ್ದ ಪೆಟ್ಟುಗಳು. ನನಗಂತೂ ತಿರುಗಾಮುರುಗಾ ಒಂದು ಅನುಮಾನವಿದೆ: ಪಟ ಬಾಗಿಲಿನ ಬದಲಿಗೆ ಬಂತೋ ಏನೋ. ಒಳಗ್ಯಾಕೆ ಬರ್ತೀಯ, ಮನೇಲೇ ನೋಡ್ಕೋ ಹೋಗು ಅಂತ.

ನಮ್ಮ ಕಡೆಯ ಚರಿತ್ರೆಗೆ ಬಂದರೆ ಪಟದ ಕತೆ ಬೇರೆಯೇ ದಾರಿ ಹಿಡಿಯುತ್ತದೆ. ಬಿ. ಬಸವಲಿಂಗಪ್ಪನವರನ್ನು ನಾವು 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಆಡಿದ ಬೂಸಾ ಮಾತಿಗಾಗಿ ನೆನೆಯುತ್ತೇವೆ. ದೇವರ ಪಟಗಳನ್ನು ಚರಂಡಿಗೆ ಎಸೆಯಿರಿ ಎಂದು ಅವರು ದಲಿತರಿಗೆ ಹೇಳಿದ್ದೂ ಆ ಕಾಲದಲ್ಲೇ. ಇದನ್ನು ನಾಸ್ತಿಕನ ಒರಟು ಮಾತು ಎಂದು ತಿಳಿದವರೇ ಹೆಚ್ಚು. ನನಗೆ ಅದು ಕಲಾವಿಮರ್ಶೆಯ ಹಾಗೆ ಕೇಳಿಸುತ್ತದೆ. ಆ ಪಟಗಳಲ್ಲಿ ನಮ್ಮ ಬಣ್ಣದವರು ಯಾರಿದ್ದರು? ಇದ್ದರೂ ರಾಕ್ಷಸರಾಗಿ ಇದ್ದರು. ಹೆಣ್ಣು ನೋಡಲು ಬಂದವರು ಲಕ್ಷ್ಮಿ ಥರ ಇದ್ದಾಳೆ ಅಂದರೆ ಬೆಳ್ಳಗಿದ್ದಾಳೆ ಅಂತ ಅರ್ಥ. ನನ್ನ ಅಕ್ಕನಿಗೆ ಆ ಮಾತು ಯಾರೂ ಹೇಳಲಿಲ್ಲ. ಅವಳು ಮುಖ ತಿರುಗಿಸಿಕೊಂಡು ಕಾಫಿ ಲೋಟ ಎತ್ತುತ್ತಿದ್ದ ಬಾಗಿಲ ಮೇಲೇ ಒಂದು ಲಕ್ಷ್ಮಿಯ ಪಟವಿತ್ತು. ಅವ್ವ ಕೆಲಸ ಮಾಡುತ್ತಿದ್ದ ಮನೆಯವರು ವರ್ಷ ಮುಗಿದ ಮೇಲೆ ಕೊಟ್ಟ ಊದುಬತ್ತಿ ಕಂಪನಿಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು.

ಸಂಘದ ಕೆಲಸ ಮಾಡುತ್ತಿದ್ದ ನಮ್ಮ ಮಾವ ಒಂದು ದಿನ ಆ ಪಟ ಇಳಿಸಿ ಅದೇ ಮೊಳೆಗೆ ಬಾಬಾಸಾಹೇಬರ ಫೋಟೋ ನೇತುಹಾಕಿದರು. ಅವ್ವ ಏನೂ ಅನ್ನಲಿಲ್ಲ. ತಿಂಗಳಾದ ಮೇಲೆ ಧೂಳು ಹೊಡೆಯುವಾಗ ನೋಡಿದರೆ ಅಂಬೇಡ್ಕರ್ ಫೋಟೋದ ಹಿಂದೆ ಲಕ್ಷ್ಮಿ ಇದ್ದಳು. ಮಾವ ರೇಗಿದರು, ಅವ್ವ ನಕ್ಕಳು. ನಾವು ಹುಡುಗರು ಆಗ ಮಾವನ ಪಕ್ಷ. ಈಗ ನಾನು ಯಾವ ಪಕ್ಷ ಅಂತ ಕೇಳಿದರೆ ತಡವರಿಸುತ್ತೇನೆ. ಮಾವ ಇಳಿಸಿದ್ದು ದೇವರನ್ನು ಅನ್ನುವುದು ನಿಜ. ಅವ್ವ ಹಿಂದೆ ಬಚ್ಚಿಟ್ಟುಕೊಂಡದ್ದು ದೇವರನ್ನೋ, ತನ್ನ ಬದುಕಿನಲ್ಲಿ ತನ್ನದು ಅಂತ ಇದ್ದ ಒಂದೇ ಒಂದು ಬಣ್ಣದ ಹೆಣ್ಣಿನ ಚಿತ್ರವನ್ನೋ? ಚಳವಳಿ ಈ ವ್ಯತ್ಯಾಸವನ್ನು ಕೇಳಿಸಿಕೊಳ್ಳಬೇಕಿತ್ತು.

ಇನ್ನು ಅರಮನೆಯ ಕಡೆ. ರವಿವರ್ಮನಿಗೂ ಮೈಸೂರಿಗೂ ನಂಟು ಹಳೆಯದು. 1885ರಲ್ಲಿ ಚಾಮರಾಜೇಂದ್ರ ಒಡೆಯರು ಅವನನ್ನು ಭಾವಚಿತ್ರಗಳಿಗಾಗಿ ಕರೆಸಿಕೊಂಡರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅವನ ಕೊನೆಯ ವರ್ಷಗಳಲ್ಲಿ, ಪುರಾಣದ ದೊಡ್ಡ ಚಿತ್ರಗಳು ಈ ಅರಮನೆಗಾಗಿ ತಯಾರಾದವು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ಅಲ್ಲಿರುವ ರವಿವರ್ಮನ ಚಿತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು 1889ರ ಒಂದು ಚಿತ್ರ. ಹನ್ನೊಂದು ಮಂದಿ ಹೆಂಗಸರು, ಬೇರೆ ಬೇರೆ ಪ್ರಾಂತ್ಯದವರು, ಬೇರೆ ಬೇರೆ ಉಡುಗೆಯವರು, ವಾದ್ಯಗಳೊಂದಿಗೆ ಒಂದೆಡೆ ಸೇರಿದ್ದಾರೆ. ವೀಣೆ ಹಿಡಿದ ನಾಯರ್ ಹೆಣ್ಣಿದ್ದಾಳೆ, ಮುಸ್ಲಿಂ ಹೆಣ್ಣಿದ್ದಾಳೆ, ಯುರೋಪಿಯನ್ ಉಡುಪಿನವಳೂ ಇದ್ದಾಳೆ. ಇಡೀ ಇಂಡಿಯಾವನ್ನು ಒಂದು ಜಮಖಾನದ ಮೇಲೆ ಕೂರಿಸಿದ ಹಾಗೆ. ಆ ಇಂಡಿಯಾದಲ್ಲಿ ಹೊಲಗೇರಿಯ ತಮಟೆ ಇಲ್ಲ. ಇರಬೇಕಿತ್ತು ಅಂತ ನಾನು ಹಟ ಮಾಡುತ್ತಿಲ್ಲ. ಆದರೆ ಅವರೆಲ್ಲ ಹಾಡುತ್ತಿರುವುದು ಒಬ್ಬರಿಗೊಬ್ಬರಿಗಲ್ಲ, ಹೆಚ್ಚುಕಡಮೆ ಯಾರೂ ನಗುತ್ತಿಲ್ಲ. ಎದುರಿಗೆ ಕೂತು ನೋಡುತ್ತಿರುವವನು ಚೌಕಟ್ಟಿನ ಹೊರಗಿದ್ದಾನೆ.

ಈ ಚಿತ್ರ ಬಂದು 20 ವರ್ಷಕ್ಕೆ, 1909ರಲ್ಲಿ, ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಸುಧಾರಣೆಯ ಹೆಮ್ಮೆಯ ಕ್ರಮ ಅಂತ ನಮ್ಮ ಪಠ್ಯಗಳು ಹೇಳುತ್ತವೆ, ನಾನೂ ಹಾಗೇ ಪಾಠ ಮಾಡಿದ್ದೇನೆ. ನಂಜನಗೂಡಿನ ಶ್ರೀಕಂಠೇಶ್ವರ ಗುಡಿಯ ದೇವದಾಸಿಯರು ತಮ್ಮ ಹಕ್ಕು, ತಮ್ಮ ಜೀವನ ಹೋಯಿತು ಎಂದು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡದ್ದನ್ನು ಮಾತ್ರ ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಹಾಡುವ ಹೆಂಗಸರ ಚಿತ್ರ ಗೋಡೆಯ ಮೇಲೆ ಭದ್ರವಾಗಿ ಉಳಿಯಿತು, ಹಾಡುವ ಹೆಂಗಸರು ಗುಡಿಯಿಂದ ಹೊರಬಿದ್ದರು. ಅವರಿಗೆ ಬದಲಿ ಜೀವನ ಏನು ಅನ್ನುವುದನ್ನು ಸುಧಾರಣೆ ಯೋಚಿಸಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಆಸ್ಥಾನದ, ದೊಡ್ಡ ಗುಡಿಗಳ ಹಾಡುಗಾರ್ತಿಯರನ್ನೂ ಸವದತ್ತಿ ಎಲ್ಲಮ್ಮನಿಗೆ ಬಿಟ್ಟ ನಮ್ಮ ಹೊಲೆಯ ಮಾದಿಗರ ಹೆಣ್ಣುಮಕ್ಕಳನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ತಪ್ಪು. ಎಲ್ಲಮ್ಮನಿಗೆ ಬಿಡುವುದನ್ನು ತಡೆಯುವ ಕರ್ನಾಟಕದ ಕಾಯ್ದೆ ಬರಲು 1982 ಆಗಬೇಕಾಯಿತು. ಅವರನ್ನು ಯಾವ ರಾಜನೂ ಎಣ್ಣೆಬಣ್ಣದಲ್ಲಿ ಬರೆಸಲಿಲ್ಲ.

ಅದೇ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ದೇವದಾಸಿ ಮನೆತನದ ಮಗಳು, ಮೈಸೂರು ಆಸ್ಥಾನದಲ್ಲಿ ಹಾಡಿದವರು. ತೆಲುಗು ಕವಯಿತ್ರಿ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಕಾವ್ಯವನ್ನು ಅವರು 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಮುದ್ದುಪಳನಿಯೂ ತಂಜಾವೂರಿನ ಆಸ್ಥಾನದ ಗಣಿಕೆ. ಆ ಕಾವ್ಯ ಅಶ್ಲೀಲ ಎಂದು ಸುಧಾರಕ ವೀರೇಶಲಿಂಗಂ ಪಂತುಲು ಮೊದಲೇ ಬೈದಿದ್ದರು. ಗಂಡಸು ಬರೆದ ಶೃಂಗಾರಕ್ಕೆ ಇಲ್ಲದ ನಾಚಿಕೆ ಹೆಂಗಸು ಬರೆದದ್ದಕ್ಕೆ ಯಾಕೆ ಎಂಬ ಅರ್ಥದ ಮಾತನ್ನು ನಾಗರತ್ನಮ್ಮ ಎತ್ತಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು, ನಿಷೇಧ ತೆರವಾದದ್ದು 1947ರಲ್ಲಿ. ಅಶ್ಲೀಲತೆಯ ಕೇಸು ಬೇಕಿದ್ದರೆ ಇಗೋ, ನಮ್ಮ ಜಿಲ್ಲೆಯಲ್ಲೇ ಹುಟ್ಟಿದವರದು ಇದೆ. ಇಲ್ಲಿ ಹೆಣ್ಣು ಯಾರಿಗೂ ಸ್ಫೂರ್ತಿಯಲ್ಲ, ತಾನೇ ಸಂಪಾದಕಿ. ಅವರು ಆತ್ಮಹತ್ಯೆ ಮಾಡಿಕೊಳ್ಳಲಿಲ್ಲ. ತಮ್ಮ ದುಡ್ಡಿನಲ್ಲಿ ತಿರುವೈಯಾರಿನ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿ, ಹೆಂಗಸರಿಗೆ ಅಲ್ಲಿ ಹಾಡುವ ಅವಕಾಶಕ್ಕಾಗಿ ಜಗಳ ಕಾದು, 1952ರವರೆಗೆ ಬದುಕಿದರು.

ಹಾಗಾದರೆ ರವಿವರ್ಮನಿಗೆ ನಿಜಕ್ಕೂ ಕೂತವರು? ಹೆಸರು ಸಿಗುವುದು ಒಬ್ಬಿಬ್ಬರದು. ಅವರಲ್ಲಿ ಅಂಜನಿಬಾಯಿ ಮಾಲ್ಪೇಕರ್ ಒಬ್ಬರು, ಗೋವಾದ ಕಲಾವಂತ ಮನೆತನದವರು, 1883ರಲ್ಲಿ ಹುಟ್ಟಿದವರು. ಇಪ್ಪತ್ತರ ಆಸುಪಾಸಿನಲ್ಲಿ ಅವನ ಚಿತ್ರಗಳಿಗೆ ಕೂತರು. ಆದರೆ ಅವರ ಕಸುಬು ಕೂರುವುದಲ್ಲ, ಹಾಡುವುದು. ಭೇಂಡಿಬಜಾರ್ ಘರಾನೆಯ ದೊಡ್ಡ ಗಾಯಕಿ. ಚಂದ ಅವರಿಗೆ ವರವಾಗಲಿಲ್ಲ. ಗಂಡಸರ ಕಾಟ ತಾಳಲಾರದೆ ಹೆಸರಿನ ತುತ್ತತುದಿಯಲ್ಲಿರುವಾಗಲೇ ಕಛೇರಿಗಳಿಂದ ಹಿಂದೆ ಸರಿದು, ಪಾಠ ಹೇಳುತ್ತಾ ಉಳಿದರು. 1958ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಪಡೆದರು, ಆ ಗೌರವ ಪಡೆದ ಮೊದಲ ಹೆಣ್ಣು. ಅವರ ಬಳಿ ಕಲಿತವರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರನೂ ಒಬ್ಬ, ಅಂದರೆ ಕುಮಾರ ಗಂಧರ್ವ. 1974ರವರೆಗೆ, ತೊಂಬತ್ತು ದಾಟಿ, ಬದುಕಿದ್ದರು. ಕಲಾವಿದ 1906ರಲ್ಲೇ ತೀರಿಕೊಂಡಿದ್ದ. ಸಿನಿಮಾದ ಲೆಕ್ಕ ನೋಡಿ: ಚಿತ್ರಕ್ಕೆ ಕೂತವಳು ಸತ್ತರೆ ಮಾತ್ರ ಕತೆಗೆ ಕಳೆ. ಕೂತವಳು ಎದ್ದು ಹೋಗಿ, ಅರವತ್ತೆಂಟು ವರ್ಷ ಹೆಚ್ಚಿಗೆ ಬದುಕಿ, ಶಿಷ್ಯರ ಕಂಠದಲ್ಲಿ ಉಳಿದರೆ ಆ ಕತೆಯ ನಾಯಕ ಯಾರಾಗಬೇಕು?

ಈ ಸಂಗತಿಗಳನ್ನೆಲ್ಲ ಓದುವಾಗ ನನಗೆ ಮತ್ತೆ ಮತ್ತೆ ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದ ಆ ಇಬ್ಬರು ಹುಡುಗಿಯರು ಎದುರಾದರು. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಅನಾಮಿಕೆಯರು, ಅಂದರೆ ಹೊಲತಿಯರು. ಹೆಸರಿಲ್ಲ ಅನ್ನುವುದೇ ಅವರ ಹೆಸರು. ರಾಜ ಅವರ ಹಾಡು ಕೇಳಿ ಮೆಚ್ಚುತ್ತಾನೆ, ಒಡವೆ ಕೊಡುತ್ತಾನೆ. ಬೆಳ್ಗೊಡೆ ಕೊಡು ಅಂದರೆ ಆಗದು, ಗಂಡನಾಗು ಅಂದರೆ ಜಾತಿ ಅಡ್ಡ ಬರುತ್ತದೆ. ಆಗ ಆ ಹುಡುಗಿಯರು ವಾದಕ್ಕಿಳಿಯುತ್ತಾರೆ: ನಮ್ಮ ಹಾಡು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ, ನಮ್ಮ ಗಂಧ ಮೂಸಿದ ಮೂಗಿಗೆ ಇಲ್ಲದ ಮೈಲಿಗೆ ಮುಟ್ಟುವ ಮೈಗೆ ಮಾತ್ರ ಎಲ್ಲಿಂದ ಬಂತು ಅಂತ. ರಾಜನ ಹತ್ತಿರ ಉತ್ತರವಿಲ್ಲ, ಹೊಡೆದು ಓಡಿಸುತ್ತಾನೆ. ಹದಿಮೂರನೇ ಶತಮಾನದ ಕನ್ನಡ ಕವಿ ಹೊಲತಿಯರ ಬಾಯಲ್ಲಿ ಇಡಿಸಿದ ಈ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯನ್ನು ಚಿತ್ರಕಲೆಯ ಬಗ್ಗೆ ನಾನು ಓದಿಲ್ಲ. ನೋಡುವುದಕ್ಕೆ ಮೈಲಿಗೆಯಿಲ್ಲ ಅನ್ನುವ ನಂಬಿಕೆಯ ಮೇಲೇ ಅರಮನೆಯ ಗೋಡೆಗಳು ತುಂಬಿದ್ದು. ರಾಜನ ಸತ್ಯದ ಬಗ್ಗೆ ನಾಟಕ, ಸಿನಿಮಾ ಎಷ್ಟಾದರೂ ಬಂದವು. ಈ ಇಬ್ಬರ ಮೇಲೆ ಯಾರಾದರೂ ಸಿನಿಮಾ ಮಾಡಿದರೆ ಮೊದಲ ಶೋಗೆ ನಾನು ಕ್ಯೂ ನಿಲ್ಲುತ್ತೇನೆ.

ಕೊನೆಗೆ ಒಂದು ಭಾನುವಾರ ದೊಡ್ಡವ್ವನನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋದೆ. ಅರವತ್ತು ವರ್ಷ ಇದೇ ಊರಲ್ಲಿದ್ದರೂ ಅವಳು ಒಳಗೆ ಕಾಲಿಟ್ಟಿರಲಿಲ್ಲ. ಕತ್ತಲ ಕೋಣೆಯಲ್ಲಿ ಇಟ್ಟಿದ್ದ, ಎಲ್ಲರೂ ರವಿವರ್ಮನದೆಂದೇ ತಪ್ಪು ತಿಳಿಯುವ, ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಜನ ನೆರೆದಿದ್ದರು. ಅದು ಎಸ್.ಎಲ್. ಹಲ್ದಣಕರ್ 1945-46ರಲ್ಲಿ ಬರೆದ ಜಲವರ್ಣದ ಚಿತ್ರ. ಬೆಳಕು ಬೆರಳ ಸಂದಿಯಲ್ಲಿ ಹೇಗೆ ಕೆಂಪಗೆ ತೂರಿದೆ ಅಂತ ಒಬ್ಬರು ಮಕ್ಕಳಿಗೆ ವಿವರಿಸುತ್ತಿದ್ದರು. ದೊಡ್ಡವ್ವ ಬೆಳಕು ನೋಡಲಿಲ್ಲ. ತೋಳು ನೋಡಿದಳು.

"ಅಷ್ಟೊತ್ತು ಹಂಗೇ ಹಿಡ್ಕೊಂಡಿದ್ರೆ ತೋಳು ಸತ್ತೋಗಿರ್ತದೆ ಕಣ್ ಮಗ. ಮಧ್ಯ ಮಧ್ಯ ಇಳಿಸೋಕೆ ಬಿಟ್ಟಿದ್ರಾ ಇಲ್ವಾ?"

ಅವಳು ಕಲಾವಿದನ ಮಗಳೇ, ಗೀತಾ ಅಂತ ಹೆಸರು, 102 ವರ್ಷ ಬದುಕಿ 2018ರಲ್ಲಿ ತೀರಿಕೊಂಡರು ಅಂದೆ.

"ಓ, ಮಗಳಾ? ಹಂಗಾದ್ರೆ ಬಿಟ್ಟಿರ್ತಾರೆ."

ಆ ಹನ್ನೊಂದು ಜನರ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಂತಳು. ಎಲ್ಲರೂ ಒಟ್ಟಿಗೆ ಕೂತಿದ್ದರಾ, ಒಬ್ಬೊಬ್ಬರೇ ಬಂದು ಕೂತು ಹೋದರಾ ಅಂತ ಕೇಳಿದಳು. ಒಬ್ಬೊಬ್ಬರೇ ಆದರೆ ಬೇಜಾರು, ಮಾತಾಡಕ್ಕೂ ಯಾರೂ ಇರಲ್ಲ ಅಂದಳು. ಅಲ್ಲೇ ಮೊದಲ ಸಲ ತನ್ನ ವಿಷಯ ಹೇಳಿದ್ದು. ದಿನಕ್ಕೆ 25 ರೂಪಾಯಿ. ಹೂ ಮಾರುವವಳು, ನೀರು ಹೊರುವವಳು, ಮಗುವಿನ ತಾಯಿ, ಅವರು ಹೇಳಿದ ಹಾಗೆ ಕೂರಬೇಕು. ಕಾಲು ಜೋಮು ಹಿಡಿದರೂ ಗಂಟೆ ಹೊಡೆಯುವವರೆಗೆ ಅಲ್ಲಾಡಬಾರದು. ನೊಣ ಮೂಗಿನ ಮೇಲೆ ಕೂತರೂ ಅಷ್ಟೇ. ಕೊಡ ಮಾತ್ರ ಖಾಲಿ ಕೊಡುತ್ತಿದ್ದರಂತೆ, ಅದೊಂದು ಪುಣ್ಯ. ಒಬ್ಬ ಹುಡುಗ ತುಂಬಾ ಚೆನ್ನಾಗಿ ಬರೆದಿದ್ದನಂತೆ, ನನಗೊಂದು ಕೊಡಪ್ಪ ಅಂತ ಕೇಳಬೇಕು ಅನ್ನಿಸಿತಂತೆ. ಕೇಳಲಿಲ್ಲ.

"ಈಗ ಎಲ್ಲಿದ್ದವೋ ಆ ಚಿತ್ರಗಳು?" ಅಂದೆ.

"ಯಾರ್ದೋ ಮನೆ ಗೋಡೆ ಮೇಲಿರ್ಬೋದು. ಒಲೆಗೂ ಹೋಗಿರ್ಬೋದು."

ಇದನ್ನೆಲ್ಲ ಬರೀತೀನಿ ದೊಡ್ಡವ್ವ, ನಿನ್ನ ಹೆಸರು ಹಾಕ್ತೀನಿ ಅಂದೆ. ಹೆಸರಿಲ್ಲದವರಿಗೆ ಹೆಸರು ಕೊಡುವ ಉಮೇದು ನನಗೆ. ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಬ್ಯಾಡ ಕಣಪ್ಪ. ಮಗಳ ಅತ್ತೆ ಮನೇವ್ರು ಓದ್ಬುಟ್ಟಾರು. ಅವ್ರಿಗೆ ಇವತ್ತಿಗೂ ಗುಡಿಸೋಕೆ ಹೋಯ್ತಿದ್ದೆ ಅಂತಾನೇ ಗೊತ್ತಿರೋದು."

ಮುಂದಿನ ವಾರ ತರಗತಿಯಲ್ಲಿ ಆ ನರಸೀಪುರದ ಹುಡುಗಿಗೆ ಅಂಜನಿಬಾಯಿಯ ಹೆಸರು ಹೇಳಿದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೂಲಿ ಎಷ್ಟು ಅಂತ ಮತ್ತೆ ಕೇಳಿದಳು. ಇಪ್ಪತ್ತೈದು ರೂಪಾಯಿ ಅಂದೆ. ಯಾರದ್ದು ಅಂತ ಹೇಳಲಿಲ್ಲ.